ಹೊಸ ಲ್ಯಾಪ್‌ಟಾಪ್ ಮನೆಗೆ ಬಂತೇ? ಮೊದಲ ಎರಡು ವಾರದಲ್ಲಿ ಇಷ್ಟನ್ನು ನೋಡಿಕೊಳ್ಳಿ



ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಸದ್ದು ಕೇಳುವವರು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವವರು ನಮ್ಮ ಜನ. ಆದರೆ ಅದೇ ನಾವು ಇಲ್ಲಿ ಅಮೆರಿಕದಲ್ಲಿ ಸಾವಿರ ಡಾಲರ್ ಕೊಟ್ಟು ತರಿಸಿದ ಲ್ಯಾಪ್‌ಟಾಪ್ ಬಾಗಿಲಿಗೆ ಬಂದರೆ ಪೆಟ್ಟಿಗೆ ತೆರೆದು, ಗುಂಡಿ ಒತ್ತಿ, ತೆರೆಯ ಮೇಲೆ ಬೆಳಕು ಬಂದ ಕೂಡಲೇ "ಸರಿಯಾಗಿದೆ" ಎಂದು ತೀರ್ಮಾನಿಸಿಬಿಡುತ್ತೇವೆ! ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮನ್ನು ಕೂಟದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಲ್ಲಿಸಿ ಸದಸ್ಯರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇಂಥ ಲ್ಯಾಪ್‌ಟಾಪ್‌ಗಳ ಬಗ್ಗೆಯೇ. ಮೂರು ತಿಂಗಳ ಹಿಂದೆ ಕೊಂಡದ್ದು, ಬ್ಯಾಟರಿ ನಿಲ್ಲುತ್ತಿಲ್ಲ. ಊರಿನಲ್ಲಿ ಅಪ್ಪನಿಗೆ ಕೊಟ್ಟು ಬಂದದ್ದು, ಈಗ ಏನೋ ಸಂಖ್ಯೆ ಕೇಳುತ್ತಿದೆ, ಮುಂದಕ್ಕೆ ಹೋಗುತ್ತಿಲ್ಲ. ಇವುಗಳಲ್ಲಿ ಬಹುಪಾಲು ಮೊದಲ ಎರಡು ವಾರದಲ್ಲೇ ಕಂಡುಹಿಡಿಯಬಹುದಾದ ಅಥವಾ ತಡೆಯಬಹುದಾದ ತೊಂದರೆಗಳು. ಆದ್ದರಿಂದ ಈ ಲೇಖನ.

ಎರಡು ವಾರವೇ ಏಕೆ?

ಕೊಂಡ ವಸ್ತುವನ್ನು ಕಾರಣ ಕೇಳದೆ ಮರಳಿ ಪಡೆಯುವ ಗಡುವು ಅಂಗಡಿಯಿಂದ ಅಂಗಡಿಗೆ ಬೇರೆ. ಆಪಲ್ ಕಂಪನಿಯದು 14 ದಿನ, ಕಾಸ್ಟ್‌ಕೋದಲ್ಲಿ ಕಂಪ್ಯೂಟರ್‌ಗಳಿಗೆ 90 ದಿನ. ಉಳಿದ ಬಹಳಷ್ಟು ಅಂಗಡಿಗಳ ಗಡುವು ಇವೆರಡರ ನಡುವೆ ಇರುತ್ತದೆ. ಆದ್ದರಿಂದ ಎರಡು ವಾರದೊಳಗೆ ಎಲ್ಲ ಪರೀಕ್ಷೆ ಮುಗಿಸಿದರೆ ಎಲ್ಲಿ ಕೊಂಡಿದ್ದರೂ ಚಿಂತೆಯಿಲ್ಲ.

ಈ ಗಡುವಿಗೂ ವಾರಂಟಿಗೂ ಇರುವ ವ್ಯತ್ಯಾಸವನ್ನು ಅರಿಯುವುದು ಮುಖ್ಯ. ಗಡುವಿನೊಳಗೆ ದೋಷ ಕಂಡರೆ ಹಣ ವಾಪಸ್ ಅಥವಾ ಬೇರೆ ಹೊಸ ಲ್ಯಾಪ್‌ಟಾಪ್ ಸಿಗುತ್ತದೆ. ಗಡುವು ಮುಗಿದ ಮೇಲೆ ಉಳಿಯುವುದು ರಿಪೇರಿ ಮಾತ್ರ. ಅಂದರೆ ಕಂಪನಿಗೆ ಕಳುಹಿಸಬೇಕು, ವಾರಗಟ್ಟಲೆ ಕಾಯಬೇಕು. ಹಿಂದಿರುಗಿ ಬರುವುದು ಅದೇ ಯಂತ್ರ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆ ಇಂಥದ್ದಕ್ಕೇ ಹೇಳಿದಂತಿದೆ. ರಸೀದಿ ನೋಡಿ ಮರಳಿಸುವ ಕೊನೆಯ ದಿನವನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಬಿಡಿ.

ಪೆಟ್ಟಿಗೆ ತೆರೆಯುವ ಮುನ್ನ

ಚಳಿಗಾಲದಲ್ಲಿ ಪೆಟ್ಟಿಗೆ ಹೊರಗಿನ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಬಿದ್ದಿದ್ದರೆ ಒಳಗೆ ತಂದ ಕೂಡಲೇ ಚಾಲೂ ಮಾಡಬೇಡಿ. ತಣ್ಣಗಿನ ಲೋಹದ ಮೇಲೆ ಮನೆಯ ಬೆಚ್ಚನೆ ಗಾಳಿಯ ತೇವ ಹನಿಗಟ್ಟುತ್ತದೆ, ಫ್ರಿಜ್‌ನಿಂದ ತೆಗೆದ ಹಾಲಿನ ಕ್ಯಾನ್ ಬೆವರುವ ಹಾಗೆ. ಪೆಟ್ಟಿಗೆ ಮುಚ್ಚಿದಂತೆಯೇ ಕೆಲವು ಗಂಟೆ ಒಳಗಿರಲಿ.

ಪೆಟ್ಟಿಗೆಯ ನಾಲ್ಕೂ ಬದಿಯ ಫೋಟೋ ತೆಗೆಯಿರಿ. ಮೂಲೆ ಜಜ್ಜಿದ್ದರೆ, ಟೇಪ್ ಎರಡು ಸಲ ಅಂಟಿಸಿದಂತಿದ್ದರೆ ಅದೂ ಫೋಟೋದಲ್ಲಿ ಬರಲಿ. ಮನೆಯಲ್ಲಿ ಮಕ್ಕಳಿದ್ದರೆ ತೆರೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡುವ ಕೆಲಸ ಅವರಿಗೆ ಕೊಡಿ, ಖುಷಿಯಿಂದ ಮಾಡುತ್ತಾರೆ. ತಕರಾರು ಬಂದರೆ ಇದೇ ಸಾಕ್ಷಿ. ಪೆಟ್ಟಿಗೆ, ಒಳಗಿನ ರಟ್ಟು, ಪ್ಲಾಸ್ಟಿಕ್ ಹಾಳೆ ಯಾವುದನ್ನೂ ಗಡುವು ಮುಗಿಯುವವರೆಗೆ ಎಸೆಯಬೇಡಿ.

ಹೊಸ ವಸ್ತುವಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವುದು ನಮ್ಮ ಪದ್ಧತಿ. ಖಂಡಿತ ಮಾಡಿ. ಆದರೆ ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿ, ಕೀಲಿಗಳ ಮೇಲೆ ಅಕ್ಷತೆ ಬೇಡ! ಕಲೆಯಾದ ಲ್ಯಾಪ್‌ಟಾಪನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವಾಗ ಹಣ ಕಡಿತ ಮಾಡಬಹುದು.

ನಿಜವಾಗಿಯೂ ಹೊಸದೇ?

ಪೆಟ್ಟಿಗೆಯ ಮೇಲಿನ ಸೀರಿಯಲ್ ಸಂಖ್ಯೆಯೂ ಲ್ಯಾಪ್‌ಟಾಪ್‌ನ ತಳದಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು. ಆ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಎಂದಿನಿಂದ ಎಂದಿನವರೆಗೆ ಎಂಬುದು ಕಾಣುತ್ತದೆ. ನೀವು ಕೊಂಡದ್ದು ಮೊನ್ನೆ, ಆದರೆ ವಾರಂಟಿ ಆರಂಭವಾದದ್ದು ಎಂಟು ತಿಂಗಳ ಹಿಂದೆ ಎಂದಿದ್ದರೆ ಅಂಗಡಿಯವರಿಗೆ ರಸೀದಿ ತೋರಿಸಿ ವಿಚಾರಿಸಿ. ಬಹಳ ದಿನ ಗೋದಾಮಿನಲ್ಲಿ ಇದ್ದದ್ದೂ ಇರಬಹುದು, ಒಬ್ಬರು ಬಳಸಿ ಮರಳಿಸಿದ್ದೂ ಇರಬಹುದು. ಅಂತರ್ಜಾಲದ ದೊಡ್ಡ ಅಂಗಡಿಗಳಲ್ಲಿ ಬೇರೆ ಬೇರೆ ಮಾರಾಟಗಾರರು ಮಾರುವುದರಿಂದ ಇದನ್ನು ನೋಡಲೇಬೇಕು.

ಹೊರಮೈ ನೋಡುವಾಗ ತಳದ ಸ್ಕ್ರೂಗಳ ತಲೆ ಸವೆದಿದೆಯೇ, ರಬ್ಬರ್ ಪಾದಗಳು ಎದ್ದಿವೆಯೇ, ತೆರೆಯನ್ನು ತೆರೆದು ಮುಚ್ಚುವಾಗ ಕೀಲು ಕಿರುಗುಟ್ಟುತ್ತದೆಯೇ ಎಂದು ಗಮನಿಸಿ. ಮೇಜಿನ ಮೇಲಿಟ್ಟರೆ ನಾಲ್ಕೂ ಪಾದ ಸಮನಾಗಿ ಕೂರಬೇಕು. ಚಾರ್ಜರ್ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆ ಕಂಪನಿ ಹೇಳಿದ್ದಕ್ಕೆ ಹೊಂದಬೇಕು. ಕಡಿಮೆ ವ್ಯಾಟ್‌ನ ಚಾರ್ಜರ್ ಬಂದಿದ್ದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಆದರೆ ನಿಧಾನವಾಗಿ ಚಾರ್ಜ್ ಆಗುತ್ತದೆ.

ಮೊದಲ ಚಾಲನೆ: ಯಾರ ಖಾತೆ?

ಇಲ್ಲಿ ಸ್ವಲ್ಪ ನಿಧಾನಿಸಿ. ವಿಂಡೋಸ್ 11 ಮೊದಲ ಬಾರಿ ಚಾಲೂ ಆದಾಗ ಸಾಮಾನ್ಯವಾಗಿ ಅಂತರ್ಜಾಲ ಸಂಪರ್ಕವನ್ನೂ ಒಂದು ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ಇಂದಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಾಗೆ ಖಾತೆಯಿಂದ ಒಳಹೋದ ಕೂಡಲೇ ಡಿಸ್ಕ್‌ನಲ್ಲಿರುವುದೆಲ್ಲ ಗೂಢಲಿಪಿಗೆ ಬದಲಾಗುವ ವ್ಯವಸ್ಥೆ ಸಾಮಾನ್ಯವಾಗಿ ತಾನಾಗಿಯೇ ಆರಂಭವಾಗುತ್ತದೆ. ಕಳ್ಳರು ಒಯ್ದರೂ ನಿಮ್ಮ ಫೋಟೋ, ತೆರಿಗೆ ಕಾಗದಗಳು ಅವರ ಕೈಗೆ ಸಿಗುವುದಿಲ್ಲ. ಒಳ್ಳೆಯದೇ.

ಆದರೆ ಇದರ ಇನ್ನೊಂದು ಮುಖ ಬಹಳ ಮಂದಿಗೆ ಗೊತ್ತಿಲ್ಲ. ಮದರ್‌ಬೋರ್ಡ್ ಬದಲಿಸಿದಾಗ, ಕೆಲವೊಮ್ಮೆ ಬಯೋಸ್ ಅಪ್‌ಡೇಟ್ ಆದಾಗ, ಲ್ಯಾಪ್‌ಟಾಪ್ ನೀಲಿ ತೆರೆ ತೋರಿಸಿ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಒಳಗಿನ ಕಡತಗಳನ್ನು ಮೈಕ್ರೋಸಾಫ್ಟ್‌ನವರೂ ತೆಗೆದುಕೊಡಲಾರರು. ಕೀ ಇರುವುದು ಮೊದಲು ಒಳಹೋದವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಎಡಿಸನ್‌ನಲ್ಲಿ ಕುಳಿತು ಮಗ ತನ್ನ ಖಾತೆಯಿಂದ ಸಿದ್ಧಪಡಿಸಿ, ಮೈಸೂರಿನಲ್ಲಿ ಅಮ್ಮನಿಗೆ ಕೊಟ್ಟು ಬಂದರೆ, ಅಲ್ಲಿ ನೀಲಿ ತೆರೆ ಬಂದಾಗ ಕೀ ಇರುವುದು ಇಲ್ಲಿ ಮಗನ ಖಾತೆಯಲ್ಲಿ! ಆಗ ಇಲ್ಲಿ ನಡುರಾತ್ರಿ.

ಆದ್ದರಿಂದ ಮೊದಲ ದಿನವೇ ಮೂರು ಕೆಲಸ ಮಾಡಿ.

1. ಲ್ಯಾಪ್‌ಟಾಪ್ ಯಾರು ಬಳಸುತ್ತಾರೋ ಅವರ ಹೆಸರಿನ ಖಾತೆಯಿಂದಲೇ ಆರಂಭಿಸಿ. ಖಾತೆ ಇಲ್ಲದಿದ್ದರೆ ಮೊದಲು ತೆರೆಯಿರಿ.

2. ಆ ಖಾತೆಗೆ ಜಾಲತಾಣದಲ್ಲಿ ಪ್ರವೇಶಿಸಿ, ಸಾಧನಗಳ ಪುಟದಲ್ಲಿ ರಿಕವರಿ ಕೀ ಇದೆಯೇ ನೋಡಿ, ಕಾಗದದ ಮೇಲೆ ಮುದ್ರಿಸಿ. ಒಂದು ಪ್ರತಿ ನಿಮ್ಮ ಬಳಿ, ಇನ್ನೊಂದು ತಂದೆತಾಯಿಯರ ಬೀರುವಿನಲ್ಲಿ. ಲ್ಯಾಪ್‌ಟಾಪ್ ಚೀಲದಲ್ಲಿ ಮಾತ್ರ ಬೇಡ.

3. ಖಾತೆಯ ಭದ್ರತೆಗೆ ಕೊಟ್ಟ ಫೋನ್ ಸಂಖ್ಯೆ ಯಾವ ದೇಶದ್ದು ಎಂದು ಯೋಚಿಸಿ. ಅಮೆರಿಕದ ಸಂಖ್ಯೆ ಒಂದೇ ಇದ್ದು, ಊರಿಗೆ ಮರಳುವಾಗ ಅದನ್ನು ರದ್ದು ಮಾಡಿಸಿದರೆ ಖಾತೆಗೆ ಸಂಕೇತ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಎಲ್ಲ ಭದ್ರತಾ ವಿವರಗಳನ್ನೂ ಒಟ್ಟಿಗೆ ಬದಲಿಸಿದರೆ ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ. ಆದ್ದರಿಂದ ಎರಡನೆಯ ಇಮೇಲ್ ವಿಳಾಸ, ಸಾಧ್ಯವಾದರೆ ಊರಿನ ಒಂದು ಫೋನ್ ಸಂಖ್ಯೆ, ಎರಡನ್ನೂ ಈಗಲೇ ಸೇರಿಸಿಡಿ.

ಮ್ಯಾಕ್ ಕೊಂಡವರು ಫೈಲ್‌ವಾಲ್ಟ್ ಎಂಬ ಇಂಥದ್ದೇ ವ್ಯವಸ್ಥೆಗೆ ಇದೇ ಎಚ್ಚರ ವಹಿಸಬೇಕು.

ಹೇಳಿದಷ್ಟು ಬಂದಿದೆಯೇ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್ ಹೆಸರು, ಮೆಮೊರಿ, ಡಿಸ್ಕ್ ಎಲ್ಲವೂ ಇವೆ. ರಸೀದಿಯ ಜೊತೆ ಹೋಲಿಸಿ. ಮ್ಯಾಕ್‌ನಲ್ಲಿ ಆಪಲ್ ಗುರುತನ್ನು ಒತ್ತಿ "ಅಬೌಟ್ ದಿಸ್ ಮ್ಯಾಕ್" ನೋಡಿದರಾಯಿತು.

ಇಲ್ಲಿ ಒಂದು ಗೊಂದಲ ಸಹಜ. 512 ಜಿಬಿ ಎಂದು ಕೊಂಡರೆ ವಿಂಡೋಸ್ ಸುಮಾರು 476 ಜಿಬಿ ತೋರಿಸುತ್ತದೆ, ಒಂದು ಟಿಬಿ ಎಂದು ಕೊಂಡರೆ ಸುಮಾರು 931. ಅಂಗಡಿಯವರು ಕದ್ದಿಲ್ಲ! ಡಿಸ್ಕ್ ತಯಾರಕರು ಒಂದು ಜಿಬಿಗೆ 1000 ಎಂಬಿಯಂತೆ ಸಾವಿರದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕ ಹಾಕುತ್ತದೆ. ನಮ್ಮ ಹಳೆಯ ಸೇರಿಗೂ ಕಿಲೋಗೂ ಇದ್ದ ವ್ಯತ್ಯಾಸದಂತೆ, ಪದಾರ್ಥ ಅಷ್ಟೇ, ಅಳತೆ ಬೇರೆ. ಮ್ಯಾಕ್ ಸಾವಿರದ ಲೆಕ್ಕವನ್ನೇ ಬಳಸುವುದರಿಂದ ಅಲ್ಲಿ ಈ ಕೊರತೆ ಕಾಣುವುದಿಲ್ಲ. ಹಾಗೆಯೇ 16 ಜಿಬಿ ಮೆಮೊರಿಯಲ್ಲಿ ಸ್ವಲ್ಪ ಭಾಗ ಚಿತ್ರ ತೋರಿಸುವ ಕೆಲಸಕ್ಕೆ ಮೀಸಲಾಗಿ, ಬಳಕೆಗೆ 15 ಚಿಲ್ಲರೆ ಎಂದು ಕಾಣಬಹುದು. ಆದರೆ 16 ಇರಬೇಕಾದಲ್ಲಿ 8 ಎಂದಿದ್ದರೆ ಅದು ಬೇರೆಯದೇ ಯಂತ್ರ, ತಕ್ಷಣ ಮರಳಿಸಿ.

ಸೆಟ್ಟಿಂಗ್ಸ್‌ನಲ್ಲಿ "ಎಸ್ ಮೋಡ್" ಎಂದಿದೆಯೇ ಎಂಬುದನ್ನೂ ನೋಡಿ. ಕಡಿಮೆ ಬೆಲೆಯ ಕೆಲವು ಲ್ಯಾಪ್‌ಟಾಪ್‌ಗಳು ಹೀಗೆ ಬರುತ್ತವೆ. ಇದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಪಡೆದ ತಂತ್ರಾಂಶ ಮಾತ್ರ ನಡೆಯುತ್ತದೆ. ಬೇಡವೆಂದರೆ ಹಣ ಕೊಡದೆ ಹೊರಬರಬಹುದು, ಆದರೆ ಮತ್ತೆ ಒಳಹೋಗಲು ಆಗುವುದಿಲ್ಲ. ಸ್ನಾಪ್‌ಡ್ರಾಗನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಕೊಂಡಿದ್ದರೆ ಮನೆಯ ಹಳೆಯ ಪ್ರಿಂಟರ್, ಸ್ಕ್ಯಾನರ್ ಜೋಡಿಸಿ ನೋಡಿ. ಇವುಗಳ ಹಳೆಯ ಡ್ರೈವರ್‌ಗಳು ಈ ಪ್ರೊಸೆಸರ್‌ನಲ್ಲಿ ನಡೆಯದೆ ಇರಬಹುದು.

ಬ್ಯಾಟರಿಯ ಜಾತಕ

ಬ್ಯಾಟರಿ ಹೊಸದೋ ಹಳೆಯದೋ ಎಂದು ತಿಳಿಯಲು ವಿಂಡೋಸ್‌ನಲ್ಲೇ ಒಂದು ಸುಲಭ ದಾರಿಯಿದೆ. ಕಮಾಂಡ್ ಪ್ರಾಂಪ್ಟ್ ತೆರೆದು "ಪವರ್‌ಸಿಎಫ್‌ಜಿ", ಒಂದು ಜಾಗ ಬಿಟ್ಟು ಓರೆಗೆರೆ, ಅದಕ್ಕಂಟಿ "ಬ್ಯಾಟರಿರಿಪೋರ್ಟ್" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿ. ಒಂದು ವರದಿ ತಯಾರಾಗಿ ಅದು ಎಲ್ಲಿದೆ ಎಂದೂ ತೋರಿಸುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬ ಎರಡು ಸಂಖ್ಯೆಗಳಿವೆ. ಮೊದಲನೆಯದು ಕಾರ್ಖಾನೆಯ ಮಾತು, ಎರಡನೆಯದು ಇಂದಿನ ಸ್ಥಿತಿ. ಹೊಸದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಮೊದಲನೆಯದು 50,000, ಎರಡನೆಯದು 40,000 ಎಂದಿದ್ದರೆ ಬ್ಯಾಟರಿಯ ಐದನೆಯ ಒಂದು ಪಾಲು ಆಗಲೇ ಹೋಗಿದೆ ಎಂದರ್ಥ. ಸೈಕಲ್ ಕೌಂಟ್ ಎಂಬುದು ಎಷ್ಟು ಬಾರಿ ಪೂರ್ತಿ ಚಾರ್ಜ್‌ನಷ್ಟು ಖರ್ಚಾಗಿದೆ ಎಂಬ ಲೆಕ್ಕ. ಹೊಸದಕ್ಕೆ ಸೊನ್ನೆ ಅಥವಾ ಬೆರಳೆಣಿಕೆಯಷ್ಟು ಇರಬೇಕು. ಕೆಲವು ಮಾದರಿಗಳಲ್ಲಿ ಈ ಜಾಗ ಖಾಲಿ ಇರುತ್ತದೆ, ಗಾಬರಿ ಬೇಡ. ಮ್ಯಾಕ್‌ನಲ್ಲಿ ಸಿಸ್ಟಂ ಇನ್ಫರ್ಮೇಷನ್‌ನ ಪವರ್ ವಿಭಾಗದಲ್ಲಿ ಇದೇ ಲೆಕ್ಕವಿದೆ.

ತೆರೆ, ಕೀಲಿ, ಕಣ್ಣು, ಕಿವಿ

ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣದ ಚಿತ್ರಗಳನ್ನು ಒಂದೊಂದಾಗಿ ತೆರೆ ತುಂಬ ತೋರಿಸಿ, ಬಣ್ಣ ಬದಲಾಗದೆ ಉಳಿದ ಚುಕ್ಕೆ ಇದೆಯೇ ನೋಡಿ. ಕಪ್ಪನ್ನು ದೀಪ ಆರಿಸಿ ನೋಡಬೇಕು. ಒಂದೆರಡು ಚುಕ್ಕೆಗಳಿಗೆ ವಾರಂಟಿಯಲ್ಲಿ ತೆರೆ ಬದಲಿಸದ ಕಂಪನಿಗಳಿವೆ, ಆದ್ದರಿಂದ ಇದನ್ನು ಮರಳಿಸುವ ಗಡುವಿನೊಳಗೇ ಕಂಡುಕೊಳ್ಳಬೇಕು.

ನೋಟ್‌ಪ್ಯಾಡ್ ತೆರೆದು ಪ್ರತಿಯೊಂದು ಕೀಲಿಯನ್ನೂ ಒತ್ತಿ. ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಪೆನ್ ಡ್ರೈವ್ ಹಾಕಿ ತೆಗೆಯಿರಿ. ಚಾರ್ಜ್ ಮಾಡಬಲ್ಲ ಕಿಂಡಿ ಎರಡಿದ್ದರೆ ಎರಡರಲ್ಲೂ ಚಾರ್ಜ್ ಆಗಬೇಕು. ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆದಾಗ ಎಚ್ಚರಗೊಳ್ಳಬೇಕು. ಕ್ಯಾಮೆರಾ, ಮೈಕ್, ಸ್ಪೀಕರ್ ಮೂರಕ್ಕೂ ಸೇರಿ ಒಂದೇ ಪರೀಕ್ಷೆ ಸಾಕು: ಊರಿಗೆ ಒಂದು ಗಂಟೆ ವಿಡಿಯೋ ಕರೆ ಮಾಡಿ! ಆ ಒಂದು ಗಂಟೆಯಲ್ಲಿ ತಳ ಎಷ್ಟು ಬಿಸಿಯಾಗುತ್ತದೆ, ಫ್ಯಾನ್ ಎಷ್ಟು ಗದ್ದಲ ಮಾಡುತ್ತದೆ, ವೈಫೈ ಮಧ್ಯೆ ಕಡಿಯುತ್ತದೆಯೇ ಎಂಬುದೂ ತಿಳಿಯುತ್ತದೆ. ರಾತ್ರಿ ಮಲಗುವಾಗ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂಬುದನ್ನು ಚಾಲೂ ಮಾಡಿಟ್ಟರೆ ಮೆಮೊರಿಯ ಪರೀಕ್ಷೆಯೂ ಮುಗಿಯುತ್ತದೆ.

ಕನ್ನಡ ಬರೆಯಲು

ಹಿಂದೆ ಹೊಸ ಗಣಕ ಬಂತೆಂದರೆ ಬರಹ ಅಥವಾ ನುಡಿಯ ಸಿಡಿ ಹುಡುಕುತ್ತಿದ್ದೆವು. ಈಗ ವಿಂಡೋಸ್‌ನಲ್ಲೇ ಕನ್ನಡವಿದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ, ಕೀಲಿಮಣೆಯಾಗಿ ಫೊನೆಟಿಕ್ ಆರಿಸಿಕೊಂಡರೆ ಇಂಗ್ಲಿಷ್ ಕೀಲಿಗಳಿಂದಲೇ ಕನ್ನಡ ಮೂಡುತ್ತದೆ. ಈ ಸೌಲಭ್ಯ 2019ರಲ್ಲಿ ವಿಂಡೋಸ್ 10ಕ್ಕೆ ಬಂದು ವಿಂಡೋಸ್ 11ರಲ್ಲೂ ಮುಂದುವರಿದಿದೆ. ಮ್ಯಾಕ್‌ನಲ್ಲೂ ಕನ್ನಡ ಕೀಲಿಮಣೆ ಇದೆ.

ಹಳೆಯ ನುಡಿ, ಬರಹ ಕಡತಗಳಿರುವವರಿಗೆ ಒಂದು ಮಾತು. ಯೂನಿಕೋಡ್‌ಗೆ ಮುಂಚಿನ ಕಡತಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿತ್ತು. ಹಳೆಯ ಫಾಂಟ್ ಇಲ್ಲದ ಹೊಸ ಲ್ಯಾಪ್‌ಟಾಪ್‌ನಲ್ಲಿ ಅವು ಅರ್ಥವಿಲ್ಲದ ಗೀಚಿನಂತೆ ಕಾಣುತ್ತವೆ. ಕಡತ ಹಾಳಾಗಿಲ್ಲ, ಅಳಿಸಬೇಡಿ. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಹಳೆಯ ಗಣಕ ಇನ್ನೂ ಉಸಿರಾಡುತ್ತಿರುವಾಗಲೇ ಪರಿವರ್ತಿಸಿ ತೆರೆದು ನೋಡಿ. ಅಜ್ಜಿ ಹೇಳಿ ಬರೆಸಿದ ಹಾಡುಗಳೂ ಕೂಟದ ಸ್ಮರಣ ಸಂಚಿಕೆಯ ಬರಹಗಳೂ ಎಷ್ಟೋ ಮನೆಗಳಲ್ಲಿ ಇಂಥ ಕಡತಗಳಲ್ಲೇ ಇವೆ.

ಬೇಡದ ಅತಿಥಿಗಳು

ಹೊಸ ಲ್ಯಾಪ್‌ಟಾಪ್ ಜೊತೆ ಕೆಲವು ದಿನದ ಪ್ರಯೋಗಕ್ಕೆಂದು ಆಂಟಿವೈರಸ್ ತಂತ್ರಾಂಶ ಬಂದಿರುತ್ತದೆ. ಅವಧಿ ಮುಗಿದ ಮೇಲೆ "ನೀವು ಅಪಾಯದಲ್ಲಿದ್ದೀರಿ" ಎಂದು ದಿನವೂ ಹೆದರಿಸುತ್ತದೆ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಮನೆಯ ಬಳಕೆಗೆ ಸಾಕು. ಪ್ರಯೋಗದ ತಂತ್ರಾಂಶ ತೆಗೆದರೆ ಡಿಫೆಂಡರ್ ತಾನೇ ಕೆಲಸಕ್ಕೆ ನಿಲ್ಲುತ್ತದೆ.

ಹಿರಿಯರಿಗೆ ಈ ಒಂದು ಮಾತನ್ನು ಬಾಯಿಪಾಠ ಮಾಡಿಸಿ: ಮೈಕ್ರೋಸಾಫ್ಟ್‌ನ ಯಾವ ಎಚ್ಚರಿಕೆಯಲ್ಲೂ ಫೋನ್ ಸಂಖ್ಯೆ ಇರುವುದಿಲ್ಲ. ತೆರೆ ಕೆಂಪಾಗಿ, ಸದ್ದು ಮಾಡಿ, "ಈ ಸಂಖ್ಯೆಗೆ ಕರೆ ಮಾಡಿ" ಎಂದರೆ ಅದು ಮೋಸ. ಕರೆ ಮಾಡದೆ ಲ್ಯಾಪ್‌ಟಾಪ್ ಆರಿಸಿ, ಮಗನಿಗೋ ಮಗಳಿಗೋ ತಿಳಿಸಿದರೆ ಸಾಕು. ದಿನನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆ ಮಾಡಿಕೊಟ್ಟರೆ ಬೇಡದ ತಂತ್ರಾಂಶ ನುಸುಳುವುದೂ ಕಷ್ಟ. ಮಕ್ಕಳಿಗೂ ಇದೇ ಮಾತು.

ಹಳೆಯದನ್ನು ಬೀಳ್ಕೊಡುವ ಮುನ್ನ

ಫೋಟೋ, ದಾಖಲೆಗಳನ್ನು ಹೊಸದಕ್ಕೆ ನಕಲು ಮಾಡಿದ ದಿನವೇ ಹಳೆಯದನ್ನು ಅಳಿಸಬೇಡಿ. ಮರಳಿಸುವ ಗಡುವು ದಾಟುವವರೆಗೆ ಹಳೆಯದು ಹಾಗೆಯೇ ಇರಲಿ. ಹೊರಗಿನ ಹಾರ್ಡ್ ಡಿಸ್ಕ್ ಒಂದರಲ್ಲಿ ಇನ್ನೊಂದು ಪ್ರತಿ ಇಡಿ. ಒನ್‌ಡ್ರೈವ್‌ನಲ್ಲಿ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ, ಮನೆಯ ಫೋಟೋಗಳಿಗೆ ಅದು ಸಾಲದು. ಒನ್‌ಡ್ರೈವ್‌ಗೆ ಹೊಂದಿಸಿದ ಫೋಲ್ಡರಿನಲ್ಲಿ ಫೋಟೋ ಅಳಿಸಿದರೆ ಅಂತರ್ಜಾಲದ ಪ್ರತಿಯೂ ಅಳಿಯುತ್ತದೆ. ಕೆಲವು ದಿನ ಅದರ ಕಸದಬುಟ್ಟಿಯಲ್ಲಿ ಉಳಿದು ಆಮೇಲೆ ಕಾಣೆಯಾಗುತ್ತದೆ. ಅದೊಂದನ್ನೇ ನಂಬಬಾರದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಹಳೆಯದನ್ನು ಊರಿನಲ್ಲಿ ಯಾರಿಗಾದರೂ ಕೊಡೋಣ ಎಂದುಕೊಂಡವರು, ಅದಕ್ಕೆ ವಿಂಡೋಸ್ 11 ಹಾಕಲು ಸಾಧ್ಯವೇ ಎಂದು ಮೊದಲು ನೋಡಿ.

ಊರಿಗೆ ಒಯ್ಯುವುದಾದರೆ

ಚಾರ್ಜರ್ ಮೇಲೆ 100ರಿಂದ 240 ವೋಲ್ಟ್, 50ರಿಂದ 60 ಹರ್ಟ್ಸ್ ಎಂದು ಬರೆದಿದ್ದರೆ ಭಾರತದ 230 ವೋಲ್ಟ್‌ಗೆ ನೇರವಾಗಿ ಹಾಕಬಹುದು, ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಪಿನ್ ಮಾತ್ರ ಬೇರೆ. ಚಾರ್ಜರ್‌ನ ಗೋಡೆಯ ಕಡೆಯ ವೈರು ಬಿಚ್ಚಲು ಬರುವಂತಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದಕ್ಕೆ ಹೊಂದುವ ಮೂರು ಪಿನ್ನಿನ ವೈರು ಸುಲಭವಾಗಿ ಸಿಗುತ್ತದೆ. ಸಡಿಲ ಅಡಾಪ್ಟರ್‌ಗಿಂತ ಇದೇ ಒಳ್ಳೆಯದು.

ವಿಮಾನದಲ್ಲಿ ಲ್ಯಾಪ್‌ಟಾಪ್ ಕೈಚೀಲದಲ್ಲೇ ಇರಲಿ. 100 ವ್ಯಾಟ್ ಅವರ್‌ವರೆಗಿನ ಬ್ಯಾಟರಿಗೆ ವಿಶೇಷ ಅನುಮತಿ ಬೇಕಿಲ್ಲ. ಭಾರತದ ಕಸ್ಟಮ್ಸ್ ನಿಯಮದಂತೆ 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಒಯ್ಯಬಹುದು. ಒಬ್ಬರೇ ತಮ್ಮದೊಂದು, ಅಣ್ಣನಿಗೊಂದು ಎಂದು ಎರಡು ಒಯ್ದರೆ ಎರಡನೆಯದಕ್ಕೆ ಈ ವಿನಾಯಿತಿ ಇಲ್ಲ. ರಸೀದಿ ಜೊತೆಗಿರಲಿ, ಹೊರಡುವ ಮುನ್ನ ಕಸ್ಟಮ್ಸ್ ಜಾಲತಾಣವನ್ನೊಮ್ಮೆ ನೋಡಿಕೊಳ್ಳಿ.

ವಾರಂಟಿ ಭಾರತದಲ್ಲೂ ನಡೆಯುತ್ತದೆಯೇ ಎಂಬುದು ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆ. ಕೊಳ್ಳುವ ಮುನ್ನವೇ ಕೇಳಿ. ಊರಿಗೆ ಹೋಗುವ ಹಿಂದಿನ ದಿನ ಲ್ಯಾಪ್‌ಟಾಪ್ ತರಿಸಿ, ಪೆಟ್ಟಿಗೆ ಒಡೆಯದೆ ಸೂಟ್‌ಕೇಸಿಗೆ ತುಂಬುವ ಅಭ್ಯಾಸ ನಮ್ಮಲ್ಲಿ ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ದೋಷ ಅಲ್ಲಿ ಕಂಡರೆ, ನೀವು ಇಲ್ಲಿಗೆ ಮರಳುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಟಿಕೆಟ್ ಕಾಯ್ದಿರಿಸುವಾಗಲೇ ಲ್ಯಾಪ್‌ಟಾಪ್ ತರಿಸಿ, ಎರಡು ವಾರ ನೀವೇ ಬಳಸಿ ನೋಡಿ. ಮೇಲೆ ಹೇಳಿದಂತೆ ಅಪ್ಪ ಅಮ್ಮನ ಹೆಸರಿನ ಖಾತೆಯಲ್ಲಿ ಸಿದ್ಧಪಡಿಸಿ, ರಿಕವರಿ ಕೀ ಮುದ್ರಿಸಿಕೊಂಡು ಹೊರಡಿ.

ಇಷ್ಟೆಲ್ಲ ಮಾಡಲು ಒಂದು ಶನಿವಾರದ ಮಧ್ಯಾಹ್ನ ಸಾಕು. ಈ ಪುಟವನ್ನು ಮುದ್ರಿಸಿಕೊಂಡು ಒಂದೊಂದನ್ನೇ ಗುರುತು ಹಾಕುತ್ತಾ ಹೋಗಿ. ಎಲ್ಲಾದರೂ ತೊಡಕಾದರೆ ಮುಂದಿನ ಕಾರ್ಯಕ್ರಮಕ್ಕೆ ಲ್ಯಾಪ್‌ಟಾಪನ್ನೂ ರಸೀದಿಯನ್ನೂ ಜೊತೆಗೆ ತನ್ನಿ, ಊಟದ ನಂತರ ಕುಳಿತು ನೋಡೋಣ. ಗಡುವು ಅದಕ್ಕಿಂತ ಮುಂಚೆ ಮುಗಿಯುವುದಾದರೆ ಕಾಯಬೇಡಿ, ಅಂಗಡಿಗೇ ನೇರವಾಗಿ ಹೋಗಿ.